ಕರಿಬೇವು, ಕೊತ್ತಂಬರಿ, ಪುದೀನ, ಸಬ್ಬಸಿಗೆ: ತಟ್ಟೆಗೆ ಬರೋ ಹೊತ್ತಿಗೆ ಎಷ್ಟು ಸತ್ವ?

ಹನುಮಂತನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ತಂಗಿಗೆ 27 ವರ್ಷ. ಹೋದ ತಿಂಗಳು ಎರಡು ಮಹಡಿ ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು ಬರುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 9.4 ಬಂತು. ಹೆಂಗಸರಿಗೆ ಕಡಿಮೆ ಅಂದರೂ 12 ಇರಬೇಕು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಅಷ್ಟರಲ್ಲಿ ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಕರಿಬೇವು ಅಗಿ ಅಂದರು. ಇನ್ನೊಬ್ಬರು ಕೊತ್ತಂಬರಿ ಜ್ಯೂಸ್ ಅಂದರು. ಅವಳು ಮಾತ್ರೆ ಬಿಟ್ಟುಬಿಟ್ಟಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹತ್ತು ಎಲೆ ಕರಿಬೇವು ಅಗಿಯೋಕೆ ಶುರು ಮಾಡಿದಳು. ನನಗೆ ಭಯವಾಯಿತು.

ಹಾಗಾಗಿ ಕೂತು ಲೆಕ್ಕ ಹಾಕಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ತಂದ ಆಹಾರ ಪಟ್ಟಿ ಇದೆಯಲ್ಲ, ಅದರಿಂದ ಅಂಕಿ ಬರೆದುಕೊಂಡೆ. 100 ಗ್ರಾಂ ಹಸಿ ಕರಿಬೇವಿನಲ್ಲಿ ಕ್ಯಾಲ್ಸಿಯಂ ಸುಮಾರು 659 ಮಿಲಿಗ್ರಾಂ, ಕಬ್ಬಿಣ 8.7. ಪುದೀನದಲ್ಲಿ ಕ್ಯಾಲ್ಸಿಯಂ 205, ಕಬ್ಬಿಣ 8.6. ಕೊತ್ತಂಬರಿ ಸೊಪ್ಪಿನಲ್ಲಿ 146 ಮತ್ತು 5.3. ಮೆಂತ್ಯ ಸೊಪ್ಪಿನಲ್ಲಿ 274 ಮತ್ತು 5.7. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಮೂರರಲ್ಲೂ ಕ್ಯಾಲ್ಸಿಯಂ 20ರ ಆಸುಪಾಸು, ಕಬ್ಬಿಣ ಎರಡು ಮಿಲಿಗ್ರಾಂ ಕೂಡ ಇಲ್ಲ. ಸಬ್ಬಸಿಗೆಯದ್ದನ್ನು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಿಂದ ತೆಗೆದುಕೊಂಡೆ. ಕ್ಯಾಲ್ಸಿಯಂ 208, ಕಬ್ಬಿಣ 6.6, ವಿಟಮಿನ್ ಸಿ 85.

ಇಷ್ಟು ನೋಡಿದರೆ ಕರಿಬೇವೇ ರಾಜ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ಆಮೇಲೆ ಅಡುಗೆಮನೆ ತಕ್ಕಡಿ ತೆಗೆದೆ. ಚಿನ್ನದಂಗಡಿಯಲ್ಲಿ ಇಡುವ ಹಾಗೆ ಒಂದೊಂದೇ ಇಟ್ಟು ತೂಗಿದೆ. ಹತ್ತು ಎಲೆ ಕರಿಬೇವು ಅಂದರೆ ಬರೀ ಒಂದು ಗ್ರಾಂ. ಒಂದೇ ಒಂದು ಗ್ರಾಂ! ಅದರಲ್ಲಿ ಕಬ್ಬಿಣ 0.09 ಮಿಲಿಗ್ರಾಂ. ಅವಳ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಅಷ್ಟೂ ಕರಿಬೇವಿನಿಂದಲೇ ಬರಬೇಕು ಅಂದರೆ ದಿನಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಎಲೆ ಅಗಿಯಬೇಕು.

ನಾಲ್ಕು ಜನದ ಸಾರಿಗೆ ನಾನು ಉದುರಿಸುವ ಕೊತ್ತಂಬರಿ 10 ಗ್ರಾಂ. ಒಬ್ಬರ ಪಾಲಿಗೆ ಎರಡೂವರೆ ಗ್ರಾಂ. ಪುದೀನ ಚಟ್ನಿಗೆ ಒಂದು ಕಟ್ಟು ಬಿಡಿಸಿದರೆ 50 ಗ್ರಾಂ ಎಲೆ, ಒಬ್ಬರಿಗೆ ಹನ್ನೆರಡು ಗ್ರಾಂ ಬಂತು. ಅದರಲ್ಲಿ ಕಬ್ಬಿಣ ಹೆಚ್ಚುಕಮ್ಮಿ ಒಂದು ಮಿಲಿಗ್ರಾಂ. ಆದರೆ ಮೆಂತ್ಯ ಸೊಪ್ಪಿನ ಪಲ್ಯ ಮಾಡಿದ ದಿನ ಒಬ್ಬೊಬ್ಬರಿಗೆ 100 ಗ್ರಾಂ ಸೊಪ್ಪು ಸಲೀಸಾಗಿ ಹೋಗುತ್ತದೆ!

ಅಂದರೆ ಪಟ್ಟಿಯಲ್ಲಿ ಮುಂದಿರುವ ಕರಿಬೇವು ತಟ್ಟೆಯಲ್ಲಿ ಹಿಂದೆ ಬೀಳುತ್ತದೆ. ನಾನು ಯೋಚಿಸಿದ್ದು ಸರಿಯಾ? ತಿಳಿದವರು ಹೇಳಿ. ಕರಿಬೇವು, ಕೊತ್ತಂಬರಿಯನ್ನು ಇನ್ನೂ ಜಾಸ್ತಿ ತಿನ್ನೋಕೆ ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಮುದ್ದೆ ಬಸ್ಸಾರು

ಅಕ್ಕ, ಸರಿಯಾಗಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಕ್ಯಾಲ್ಸಿಯಂ ವಿಷಯಕ್ಕೆ ಕರಿಬೇವಿನ ಹಿಂದೆ ಓಡಬೇಕಾಗಿಲ್ಲ. ಅದೇ ಪಟ್ಟಿಯಲ್ಲಿ ರಾಗಿ ನೋಡಿ. 100 ಗ್ರಾಂ ರಾಗಿಗೆ 364 ಮಿಲಿಗ್ರಾಂ. ನಮ್ಮ ಮನೆಯ ಒಂದು ಮುದ್ದೆಗೆ ಸರಿಸುಮಾರು ಅಷ್ಟು ಹಿಟ್ಟು ಬೀಳುತ್ತದೆ. ಜೊತೆಗೆ ದಂಟಿನ ಸೊಪ್ಪಿನ ಬಸ್ಸಾರು, ಬಸಿದ ಸೊಪ್ಪಿನ ಪಲ್ಯ. ನಮ್ಮಜ್ಜಿ ತಕ್ಕಡಿ ಇಲ್ಲದೇ ಈ ಲೆಕ್ಕ ಮಾಡಿದ್ದರು.

ಆಹಾರ ತಜ್ಞೆ, ಜಯನಗರ

ಮೇಡಂ, ಮೊದಲು ಒಂದು ಮಾತು. ನಿಮ್ಮ ತಂಗಿ ಮಾತ್ರೆ ನಿಲ್ಲಿಸಬಾರದು. 9.4 ಅಂದರೆ ಸೊಪ್ಪಿನಿಂದ ತುಂಬಿಸುವ ಕೊರತೆ ಅಲ್ಲ. ಹೊಟ್ಟೆ ತೊಳಸುತ್ತದೆ ಅಂತ ಡಾಕ್ಟರಿಗೆ ಹೇಳಿ. ಬೇರೆ ಬಗೆಯ ಕಬ್ಬಿಣದ ಮಾತ್ರೆಗಳಿವೆ. ಕೆಲವರಿಗೆ ದಿನ ಬಿಟ್ಟು ದಿನ ಕೊಡುತ್ತಾರೆ, ಕೆಲವರಿಗೆ ರಾತ್ರಿ ಊಟದ ನಂತರ. ದಾರಿ ಇದ್ದೇ ಇರುತ್ತದೆ. ಕಬ್ಬಿಣ ಯಾಕೆ ಇಳಿದಿದೆ ಅಂತಲೂ ಕೇಳಿ. ಮುಟ್ಟಿನ ಸಮಯದಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದರೆ ಅದನ್ನೂ ನೋಡಬೇಕು.

ಈಗ ಸೊಪ್ಪಿನ ವಿಷಯ. ನಿಮ್ಮ ತೂಕದ ಲೆಕ್ಕ ಸರಿ. ನಾನು ದಿನವೂ ನನ್ನ ಹತ್ತಿರ ಬರುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ತಟ್ಟೆಗೆ ಬಿದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ. ಸೊಪ್ಪು, ಕಾಳು, ಧಾನ್ಯದ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಹುಳಿ ಜೊತೆಗಿದ್ದರೆ ಅದು ಜಾಸ್ತಿಯಾಗುತ್ತದೆ. ವಿಟಮಿನ್ ಸಿ ಮಾಡುವ ಕೆಲಸ ಅದು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಸ್ವಲ್ಪ ಅಲ್ಲೇ ಹೋಗುತ್ತದೆ. ಊಟ ಆದ ಕೂಡಲೇ ಒಂದು ಸೀಬೆಹಣ್ಣು ತಿಂದರೆ ಇನ್ನೂ ಒಳ್ಳೆಯದು.

ಕ್ಯಾಲ್ಸಿಯಂಗೂ ಇಂಥದ್ದೇ ತೊಡಕಿದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಪಾಲಕ್‌ನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಮೈಗೆ ಹತ್ತುತ್ತದೆ. ಹಾಲಿನದ್ದು ನೂರಕ್ಕೆ ಮೂವತ್ತರ ಹತ್ತಿರ. ಕರಿಬೇವಿನಲ್ಲೂ ಆಕ್ಸಲೇಟ್ ಇದೆ. ಪಟ್ಟಿಯ 659 ನೋಡಿ ಹಾಲು, ಮೊಸರು, ರಾಗಿ ಬಿಡಬೇಡಿ.

ಸಾಧ್ಯವಾದರೆ ನುಗ್ಗೆಸೊಪ್ಪು ತನ್ನಿ. 100 ಗ್ರಾಂಗೆ ಕ್ಯಾಲ್ಸಿಯಂ 314, ಕಬ್ಬಿಣ 4.6, ವಿಟಮಿನ್ ಸಿ 108. ಕಬ್ಬಿಣ ಮತ್ತು ಅದನ್ನು ಎಳೆದುಕೊಳ್ಳುವ ವಿಟಮಿನ್ ಸಿ ಒಂದೇ ಎಲೆಯಲ್ಲಿ ಸಿಗುತ್ತದೆ. ಬಾಣಲೆ ತುಂಬ ಮಾಡಿ ತಿನ್ನಬಹುದು.

ಪೇಡೆ ಊರಿನವಳು

ನಾನು ಧಾರವಾಡದವಳು, ಈಗ ಹತ್ತು ವರ್ಷದಿಂದ ವಿಜಯನಗರದಲ್ಲಿದ್ದೇನೆ. ಈ ಮಾತುಕತೆ ಓದಿ ಊರು ನೆನಪಾಯಿತು. ನಮ್ಮ ಕಡೆ ರೊಟ್ಟಿ ಊಟಕ್ಕೆ ಕೂತರೆ ತಾಟಿನ ಒಂದು ಪಕ್ಕ ಹಸಿ ತಪ್ಪಲು ಇರಲೇಬೇಕು. ಎಳೇ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಹಕ್ಕರಕಿ. ತೊಳೆದು ಹಾಗೇ ಇಟ್ಟುಬಿಡುತ್ತೇವೆ. ಮೆಂತ್ಯವನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾ ಪುಡಿ, ಉಪ್ಪು, ಒಂದು ಚಮಚ ಹಸಿ ಎಣ್ಣೆ ಹಾಕಿ ಕಲೆಸಿದರೆ ಪಚಡಿ ಆಯಿತು. ಒಲೆಯೇ ಬೇಡ.

ಬೆಂಗಳೂರಿಗೆ ಬಂದಾಗ ನನಗೆ ಆಶ್ಚರ್ಯವಾಗಿತ್ತು. ಇಲ್ಲಿ ಮೆಂತ್ಯ ಸೊಪ್ಪು ಅಂದರೆ ಬಾತಿಗೆ ಒಂದು ಹಿಡಿ, ಅಷ್ಟೇ. ಕೊತ್ತಂಬರಿ ಬರೀ ಮೇಲೆ ಉದುರಿಸೋಕೆ. ನಮ್ಮಲ್ಲಿ ಸಬ್ಬಸಿಗೆಯನ್ನು ಹೆಸರುಬೇಳೆ ಹಾಕಿ ಪಲ್ಯ ಮಾಡುತ್ತೇವೆ, ಒಂದು ದೊಡ್ಡ ಕಟ್ಟು ಮೂರು ಜನಕ್ಕೆ ಸಾಲುವುದಿಲ್ಲ. ಸೊಪ್ಪನ್ನೇ ಪಲ್ಯ ಮಾಡಿದರೆ ನಿಮ್ಮ ತಕ್ಕಡಿಯ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ ಅಕ್ಕ.

ಇನ್ನೊಂದು. ಇಲ್ಲಿ ಅಂಗಡಿಯವರು ಸಬ್ಬಸಿಗೆಗೆ ಸಬ್ಬಕ್ಕಿ ಸೊಪ್ಪು ಅನ್ನುತ್ತಾರೆ. ಮೊದಲ ಸಲ ನಾನು ಪಾಯಸದ ಸಬ್ಬಕ್ಕಿ ಕೊಡುತ್ತಾರೆ ಅಂದುಕೊಂಡು ನಿಂತಿದ್ದೆ.

ಹಳೇ ಪುಸ್ತಕ

ನನ್ನ ಹತ್ತಿರ ಅದೇ ಸಂಸ್ಥೆಯ ಹಳೆಯ ಪುಸ್ತಕ ಇದೆ. ಅದರಲ್ಲಿ ಕರಿಬೇವಿನ ಕ್ಯಾಲ್ಸಿಯಂ 830 ಅಂತಿದೆ. ಕೊತ್ತಂಬರಿಯ ವಿಟಮಿನ್ ಸಿ 135. ನಿಮ್ಮ ಪಟ್ಟಿಯಲ್ಲಿ ಕೊತ್ತಂಬರಿಗೆ ವಿಟಮಿನ್ ಸಿ ಎಷ್ಟು ಬರೆದಿದೆ? ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ನಂಬಬೇಕು?

ಆಹಾರ ತಜ್ಞೆ, ಜಯನಗರ

2017ರ ಪಟ್ಟಿಯಲ್ಲಿ ಕೊತ್ತಂಬರಿಗೆ ಸುಮಾರು 24 ಮಿಲಿಗ್ರಾಂ. ಅಮೆರಿಕದವರ ಪಟ್ಟಿಯಲ್ಲಿ 27. ಈ ಎರಡೂ ಹತ್ತಿರ ಇವೆ, ನಾನು ಇವನ್ನೇ ಬಳಸುತ್ತೇನೆ. ಹಳೆಯ ಪುಸ್ತಕದ 135 ಈಗಲೂ ಎಲ್ಲ ಕಡೆ ಓಡಾಡುತ್ತಿದೆ, ಅದಕ್ಕೇ ನಿಮಗೆ ಗೊಂದಲ.

ಎಲೆ ಅನ್ನುವುದು ಕಾರ್ಖಾನೆಯ ಮಾಲಲ್ಲ. ಮಣ್ಣು, ತಳಿ, ಎಲೆ ಎಳೆಯದೋ ಬಲಿತದ್ದೋ, ಕಿತ್ತು ಎಷ್ಟು ಹೊತ್ತಾಯಿತು, ಎಲ್ಲದರ ಮೇಲೂ ಅಂಕಿ ಬದಲಾಗುತ್ತದೆ. ಎಲೆಗೆ ಅಂಟಿದ ಮಣ್ಣು ಸರಿಯಾಗಿ ಹೋಗದಿದ್ದರೆ ಕಬ್ಬಿಣ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತದೆ. 2017ರದ್ದು ದೇಶದ ಬೇರೆ ಬೇರೆ ಕಡೆಗಳಿಂದ ಮಾದರಿ ತಂದು ಹೊಸದಾಗಿ ಪರೀಕ್ಷೆ ಮಾಡಿದ ಪಟ್ಟಿ, 528 ಆಹಾರಗಳು ಅದರಲ್ಲಿವೆ. ಯಾವ ಅಂಕಿಯಾದರೂ ಅದನ್ನು ಅಂದಾಜು ಅಂತ ತೆಗೆದುಕೊಳ್ಳಿ. 146 ಮತ್ತು 205ರ ನಡುವೆ ಜಗಳ ಬೇಡ. 20 ಮತ್ತು 200ರ ನಡುವಿನ ವ್ಯತ್ಯಾಸ ಮಾತ್ರ ಗಮನದಲ್ಲಿಡಿ.

ಹೊಸಕೋಟೆ ಸೊಪ್ಪು

ನಮ್ಮದು ಸೊಪ್ಪು ಬೆಳೆಯುವ ಮನೆ. ಹೊಸಕೋಟೆ ಹತ್ತಿರ ಒಂದೂವರೆ ಎಕರೆ. ಕೊತ್ತಂಬರಿ, ಸಬ್ಬಸಿಗೆ, ದಂಟು, ಮೆಂತ್ಯ ಸರದಿ ಮೇಲೆ ಹಾಕುತ್ತೇವೆ. ನಾನು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ, ಅಪ್ಪ ಅಣ್ಣ ಇನ್ನೂ ಅದನ್ನೇ ಮಾಡುತ್ತಾರೆ.

ನಮ್ಮ ಕೊತ್ತಂಬರಿ ನಿಮ್ಮ ಮನೆಗೆ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಸಂಜೆ ನಾಲ್ಕರ ಮೇಲೆ ಬೇರು ಸಮೇತ ಕೀಳುತ್ತೇವೆ. ಕಟ್ಟು ಕಟ್ಟಿ, ತೊಟ್ಟಿಯಲ್ಲಿ ಅದ್ದಿ ಮಣ್ಣು ಬಿಡಿಸಿ, ನೀರು ಸೋರುವ ಹಾಗೆ ಸಾಲಾಗಿ ನಿಲ್ಲಿಸುತ್ತೇವೆ. ರಾತ್ರಿ ಒಂದೂವರೆ, ಎರಡಕ್ಕೆ ಟೆಂಪೊ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿಯುತ್ತದೆ. ಏಳು ಗಂಟೆಗೆ ನಿಮ್ಮ ಬೀದಿಯ ಗಾಡಿಗೆ ಬಂದರೆ ಕಿತ್ತು ಹದಿನೈದು ಗಂಟೆ ಆಗಿರುತ್ತದೆ. ಅದೇ ಕಟ್ಟು ಸಂಜೆಯವರೆಗೆ ಬಿಸಿಲಲ್ಲಿ ಕೂತು, ಮೇಲೆ ನೀರು ಚಿಮುಕಿಸಿ ಹಸಿರಾಗಿ ಕಂಡರೆ ಅದು ಕಣ್ಣಿಗೆ ಮಾತ್ರ ಹೊಸದು. ವಿಟಮಿನ್ ಸಿ ಗಾಳಿ, ಬಿಸಿಲಿಗೆ ಹೋಗುವ ಸತ್ವ. ಹಾಗಾಗಿ ಬೆಳಿಗ್ಗೆಯೇ ತಗೊಳ್ಳಿ.

ಮನೆಗೆ ತಂದ ಮೇಲೆ ತೊಳೆದು ಫ್ರಿಜ್ಜಿಗೆ ಹಾಕಬೇಡಿ, ಕೊಳೆಯುತ್ತದೆ. ಬೇರು ಕತ್ತರಿಸದೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಳಸುವಾಗ ತೊಳೆಯಿರಿ. ಮೊದಲು ತೊಳೆದು ಆಮೇಲೆ ಹೆಚ್ಚಬೇಕು. ಎಷ್ಟೋ ಮನೆಯಲ್ಲಿ ಹೆಚ್ಚಿದ ಮೇಲೆ ನೀರಿಗೆ ಹಾಕುತ್ತಾರೆ, ನೀರಿನಲ್ಲಿ ಕರಗುವ ಸತ್ವ ಸಿಂಕಿಗೆ ಹೋಗುತ್ತದೆ.

ಕಾಂಡ ಬಿಸಾಡಬೇಡಿ ಅಂತ ಅಮ್ಮ ಎಲ್ಲರಿಗೂ ಹೇಳುತ್ತಾರೆ. ಕೊತ್ತಂಬರಿ ಕಾಂಡದಲ್ಲಿ ಘಮ ಎಲೆಗಿಂತ ಜಾಸ್ತಿ. ಚಟ್ನಿಗೆ, ಸಾರಿನ ಮಸಾಲೆ ರುಬ್ಬುವಾಗ ಕಾಂಡ, ಮೇಲೆ ಉದುರಿಸಲು ಎಲೆ. ನಾಟಿ ಕೊತ್ತಂಬರಿ ಸಿಕ್ಕರೆ ಬಿಡಬೇಡಿ. ಗಿಡ ಗಿಡ್ಡ, ಎಲೆ ಸಣ್ಣದು, ಒಂದು ಕಟ್ಟು ಕೈಗೆತ್ತಿಕೊಂಡರೆ ಇಡೀ ಚೀಲ ಘಮ್ಮೆನ್ನುತ್ತದೆ.

ಒಗ್ಗರಣೆ ಸದ್ದು

ಎಲ್ಲ ಓದಿ ಸ್ವಲ್ಪ ಬೇಜಾರಾಯಿತು. ಹಾಗಾದರೆ ಇಷ್ಟು ವರ್ಷ ನಾವು ಒಗ್ಗರಣೆಗೆ ಹಾಕಿದ ಕರಿಬೇವು, ಬೆಳ್ಳುಳ್ಳಿ, ಶುಂಠಿ ಎಲ್ಲ ಸುಮ್ನೆನಾ?

ಚಾಮುಂಡಿ ತಪ್ಪಲು

ಸುಮ್ನೆ ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಾನು ಮೈಸೂರಿನವನು. ನಮ್ಮೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಈ ವಿಷಯದ ಮೇಲೆ ಒಳ್ಳೆಯ ಕೆಲಸ ನಡೆದಿದೆ. 2010ರಲ್ಲಿ ಅಲ್ಲಿನ ವಿಜ್ಞಾನಿಗಳು ಧಾನ್ಯ, ಬೇಳೆಗಳ ಜೊತೆ ಬೆಳ್ಳುಳ್ಳಿ, ಈರುಳ್ಳಿ ಸೇರಿಸಿ ನೋಡಿದರು. ಜೀರ್ಣವಾಗುವ ರೀತಿಯನ್ನೇ ಪ್ರಯೋಗಾಲಯದಲ್ಲಿ ಮಾಡಿ ಅಳೆದರು. ಬೆಳ್ಳುಳ್ಳಿ ಅಥವಾ ಈರುಳ್ಳಿ ಜೊತೆಗಿದ್ದಾಗ ಧಾನ್ಯ, ಬೇಳೆಯಲ್ಲಿರುವ ಕಬ್ಬಿಣ ಮತ್ತು ಸತು ಹೀರಿಕೊಳ್ಳಲು ಸಿಗುವ ಪ್ರಮಾಣ ಜಾಸ್ತಿಯಾಯಿತು. ಹಸಿಯದ್ದರಲ್ಲೂ, ಬೇಯಿಸಿದ್ದರಲ್ಲೂ.

ಅಂದರೆ ಬೆಳ್ಳುಳ್ಳಿಯಲ್ಲಿ ಕಬ್ಬಿಣ ಎಷ್ಟಿದೆ ಅಂತ ಕೇಳುವುದೇ ತಪ್ಪು ಪ್ರಶ್ನೆ. ಅದು ತಾನು ಕೊಡುವುದು ಕಡಿಮೆ, ಬೇಳೆಯಲ್ಲಿರುವುದನ್ನು ಕೊಡಿಸುತ್ತದೆ. ತೊವ್ವೆಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಬೆಳ್ಳುಳ್ಳಿ ಬಳಸುವ ರೀತಿಯೂ ಮುಖ್ಯ. ಇಡೀ ಎಸಳಿಗೆ ಅಷ್ಟು ವಾಸನೆ ಇರುವುದಿಲ್ಲ. ಜಜ್ಜಿದಾಗ ಒಳಗಿನ ಅಲಿಯಿನ್ ಅನ್ನುವ ವಸ್ತು ಒಂದು ಕಿಣ್ವದ ಜೊತೆ ಸೇರಿ ಅಲಿಸಿನ್ ಆಗುತ್ತದೆ. ಮೂಗಿಗೆ ಅಡರುವ ಆ ಘಾಟು ಅದೇ. ಜಜ್ಜಿದ ಕೂಡಲೇ ಕಾದ ಎಣ್ಣೆಗೆ ಹಾಕಿದರೆ ಆ ಕಿಣ್ವ ಸತ್ತುಹೋಗುತ್ತದೆ. ಜಜ್ಜಿ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಈರುಳ್ಳಿ ಹೆಚ್ಚಿಕೊಳ್ಳಿ.

ಹನುಮಂತನಗರದ ಅಕ್ಕ

ಅಣ್ಣ, ಇದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಒಗ್ಗರಣೆ ಸದ್ದು ಅವರಿಗೆ ನನ್ನ ಉತ್ತರ ಬೇರೆ. ನಮ್ಮ ಮನೆಯಲ್ಲಿ ತಂಗಿ ದಂಟಿನ ಸೊಪ್ಪು ಮುಟ್ಟುತ್ತಿರಲಿಲ್ಲ. ಮೊನ್ನೆ ಬರೀ ಬೇಯಿಸಿ ಉಪ್ಪು ಹಾಕಿ ಕೊಟ್ಟೆ, ತಟ್ಟೆಯಲ್ಲೇ ಬಿಟ್ಟಳು. ಮಾರನೇ ದಿನ ಅದೇ ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಎರಡು ಎಸಳು ಕರಿಬೇವಿನ ಒಗ್ಗರಣೆ. ಮೇಲೆ ತೆಂಗಿನತುರಿ. ಎರಡು ಸಲ ಹಾಕಿಸಿಕೊಂಡಳು. ಒಗ್ಗರಣೆಯ ಕರಿಬೇವಿನಲ್ಲಿ ಕಬ್ಬಿಣ ಎಷ್ಟಿತ್ತೋ ಬಿಡಿ, 100 ಗ್ರಾಂ ದಂಟಿನ ಸೊಪ್ಪನ್ನು ಅವಳ ಹೊಟ್ಟೆಗೆ ಕಳಿಸಿದ್ದು ಅದೇ.

ಕರಿಬೇವನ್ನು ತಟ್ಟೆಯಂಚಿಗೆ ಎತ್ತಿಡುವುದಕ್ಕೂ ಈಗ ಒಂದು ದಾರಿ ಮಾಡಿದ್ದೇನೆ. ಎಲೆಯನ್ನು ನೆರಳಲ್ಲಿ ಒಣಗಿಸಿ, ಸ್ವಲ್ಪ ಎಣ್ಣೆಯಲ್ಲಿ ಗರಿಗರಿ ಹುರಿದು, ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ ಜೊತೆ ಚಟ್ನಿಪುಡಿ. ಹಸಿ ಕರಿಬೇವಿನಲ್ಲಿ ಮೂರರಲ್ಲಿ ಎರಡು ಪಾಲು ನೀರು. ಒಣಗಿದ ಮೇಲೆ ಖನಿಜ ಎಲ್ಲ ಉಳಿದ ಒಂದು ಪಾಲಿನಲ್ಲಿ ಇರುತ್ತದೆ. ನನ್ನ ಪುಡಿಯಲ್ಲಿ ಅರ್ಧ ಎಲೆ. ದೋಸೆಗೆ ಒಂದು ದೊಡ್ಡ ಚಮಚ, ಅಂದರೆ 5 ಗ್ರಾಂ ಹಾಕಿಕೊಂಡರೆ ಸುಮಾರು 7 ಗ್ರಾಂ ಹಸಿ ಎಲೆ ತಿಂದ ಹಾಗೆ. ಕಬ್ಬಿಣ ಅರ್ಧ ಮಿಲಿಗ್ರಾಂ ದಾಟುತ್ತದೆ. ಹತ್ತು ಎಲೆ ಅಗಿಯುವುದಕ್ಕಿಂತ ಆರೇಳು ಪಟ್ಟು ಜಾಸ್ತಿ, ಅದೂ ಖುಷಿಯಿಂದ.

ಔಷಧಶಾಸ್ತ್ರ ಓದಿದವನು

ಎರಡು ವಿಷಯ ಹೇಳಬೇಕು.

ಒಂದು, ಅರಿಶಿನ. ಯಾರೂ ಇನ್ನೂ ಎತ್ತಿಲ್ಲ, ಆದರೆ ಎತ್ತುತ್ತಾರೆ. ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ ಇಪ್ಪತ್ತು ಪಟ್ಟು ಗುಣ ಅಂತ ಎಲ್ಲರ ಫೋನಿಗೂ ಬಂದಿರುತ್ತದೆ. ಆ ಮಾತಿನ ಮೂಲ ನಮ್ಮ ಬೆಂಗಳೂರೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ನಡೆದ ಪ್ರಯೋಗ ಅದು. ಅವರು ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್, ಜೊತೆಗೆ 20 ಮಿಲಿಗ್ರಾಂ ಪಿಪರಿನ್. ಕರ್ಕ್ಯುಮಿನ್ ಅಂದರೆ ಅರಿಶಿನದ ಹಳದಿ ಅಂಶ, ಪಿಪರಿನ್ ಅಂದರೆ ಕಾಳುಮೆಣಸಿನ ಖಾರದ ಅಂಶ. ಮನುಷ್ಯರ ರಕ್ತದಲ್ಲಿ ಕರ್ಕ್ಯುಮಿನ್ ಲಭ್ಯತೆ 2000 ಶೇಕಡಾ ಏರಿತು. ಪ್ರಯೋಗ ನಿಜ, ಫಲಿತಾಂಶವೂ ನಿಜ.

ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರಷ್ಟು. 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ 60 ಗ್ರಾಂಗಿಂತ ಜಾಸ್ತಿ ಅರಿಶಿನ ಬೇಕು. ನಾವು ಸಾರಿಗೆ ಹಾಕುವುದು ಕಾಲು ಚಮಚ, ಅದೂ ಇಡೀ ಮನೆಗೆ. ಅಕ್ಕ ಕರಿಬೇವಿಗೆ ಹಾಕಿದ ಲೆಕ್ಕವೇ ಇಲ್ಲಿಗೂ ಬರುತ್ತದೆ. ಅಡುಗೆಗೆ ಅರಿಶಿನ ಹಾಕಿ, ನಾನೂ ಹಾಕುತ್ತೇನೆ. ಔಷಧಿ ಅಂತ ಚಮಚಗಟ್ಟಲೆ ನುಂಗಬೇಡಿ.

ಎರಡನೆಯದು ಇನ್ನೂ ಮುಖ್ಯ. ಮನೆಯಲ್ಲಿ ಹಿರಿಯರು ಯಾರಾದರೂ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಅಥವಾ ಅಸಿಟ್ರಾಮ್ ಥರದ ಮಾತ್ರೆ ತಗೊಳ್ಳುತ್ತಿದ್ದಾರಾ? ಹಾಗಿದ್ದರೆ ಈ ಮಾತುಕತೆ ಓದಿ ನಾಳೆಯಿಂದಲೇ ಬಾಣಲೆ ತುಂಬ ಸೊಪ್ಪು ಶುರು ಮಾಡಬೇಡಿ. ಹಸಿರೆಲೆಗಳಲ್ಲಿ ವಿಟಮಿನ್ ಕೆ ತುಂಬಾ. 100 ಗ್ರಾಂ ಕೊತ್ತಂಬರಿಯಲ್ಲಿ 310 ಮೈಕ್ರೋಗ್ರಾಂ. ಅದು ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಸೊಪ್ಪು ಬಿಡಬೇಕು ಅಂತಲ್ಲ. ವಾರವಾರವೂ ಒಂದೇ ಪ್ರಮಾಣ ಇರಬೇಕು. ಬದಲಾಯಿಸುವ ಮೊದಲು ಡಾಕ್ಟರಿಗೆ ಹೇಳಿ. ನನ್ನ ಸ್ವಂತ ದೊಡ್ಡಪ್ಪನಿಗೆ ಹೀಗೆ ಏರುಪೇರಾಗಿ ಮಾತ್ರೆಯ ಪ್ರಮಾಣ ಮತ್ತೆ ಹೊಂದಿಸಬೇಕಾಯಿತು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಟೆರೇಸ್ ತೋಟ

ನಾನು ಬನಶಂಕರಿಯಲ್ಲಿ ಟೆರೇಸ್ ಮೇಲೆ ಕುಂಡಗಳಲ್ಲಿ ಬೆಳೆಯುತ್ತೇನೆ. ಬೆಂಗಳೂರಿನ ಹವೆಗೆ ಪುದೀನ, ದೊಡ್ಡಪತ್ರೆ, ಒಂದೆಲಗ ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ, ಒಂದು ಕಡ್ಡಿ ಚುಚ್ಚಿದರೆ ಸಾಕು. ಅಂಗಡಿಯಿಂದ ತಂದ ಪುದೀನದ ಎಲೆ ಬಿಡಿಸಿ, ಉಳಿದ ಕಡ್ಡಿಯನ್ನು ಲೋಟದ ನೀರಿನಲ್ಲಿಡಿ. ವಾರದಲ್ಲಿ ಬಿಳಿ ಬೇರು ಬರುತ್ತದೆ.

ನನಗೆ ಇದು ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ಸೊಪ್ಪು ಜಾಸ್ತಿ ತಿನ್ನಿ ಅನ್ನುತ್ತೇವೆ, ಅದು ಯಾವ ನೀರಿನಲ್ಲಿ ಬೆಳೆದಿದೆ ಅಂತ ಕೇಳುವುದಿಲ್ಲ. ನಗರದ ಕೊಳಚೆ ಸೇರುವ ವೃಷಭಾವತಿ ನದಿ ಹರಿಯುವ ಕಡೆ ನೀರಿನ ಬಣ್ಣ, ನಾತ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಎಲೆಯ ಮೇಲಿನ ಕೊಳೆ ತೊಳೆದರೆ ಹೋಗುತ್ತದೆ. ಬೇರಿನಿಂದ ಒಳಗೆ ಸೇರಿದ ಸೀಸ, ಕ್ಯಾಡ್ಮಿಯಂ ಎಷ್ಟು ತೊಳೆದರೂ ಹೋಗುವುದಿಲ್ಲ. ಉಪ್ಪು ನೀರು, ವಿನೆಗರ್ ಯಾವುದೂ ಅದಕ್ಕೆ ಮದ್ದಲ್ಲ. ಹಾಗಾಗಿ ಬೆಳೆಯುವವರ ಪರಿಚಯ ಮಾಡಿಕೊಳ್ಳಿ, ಕೊಳವೆಬಾವಿ ನೀರಾ ಅಂತ ಕೇಳಿ. ಒಂದೇ ಸೊಪ್ಪು, ಒಂದೇ ಕಡೆಯಿಂದ ದಿನವೂ ತರಬೇಡಿ.

ದೊಡ್ಡಪತ್ರೆ ತಂಬುಳಿ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ. ಹತ್ತು ಹನ್ನೆರಡು ದಪ್ಪ ಎಲೆ, ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಆ ಎಲೆಗಳು ಕರಿಬೇವಿನ ಹಾಗಲ್ಲ, ತೂಕ ಬರುತ್ತವೆ. ಎಲ್ಲವೂ ಹೊಟ್ಟೆಗೇ ಹೋಗುತ್ತದೆ, ಎತ್ತಿಡುವ ಮಾತೇ ಇಲ್ಲ.

ಒಗ್ಗರಣೆ ಸದ್ದು

ಎಲ್ಲರಿಗೂ ಥ್ಯಾಂಕ್ಸ್, ಮನಸ್ಸು ಹಗುರವಾಯಿತು. ಕೊನೆಯದಾಗಿ ಒಂದು ಕೇಳುತ್ತೇನೆ. ತಿಂಡಿ ಆದ ಕೂಡಲೇ ಫಿಲ್ಟರ್ ಕಾಫಿ ಇಲ್ಲದಿದ್ದರೆ ನನಗೆ ತಿಂಡಿ ತಿಂದ ಹಾಗೇ ಇಲ್ಲ. ಅದರಿಂದ ಕಬ್ಬಿಣಕ್ಕೆ ತೊಂದರೆಯಾ?

ಆಹಾರ ತಜ್ಞೆ, ಜಯನಗರ

ಹೌದು, ತೊಂದರೆ ಇದೆ. ಇದನ್ನು ನಾನೇ ಮೊದಲು ಹೇಳಬೇಕಿತ್ತು. 1983ರ ಒಂದು ಪ್ರಯೋಗದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣ ಹೀರಿಕೊಳ್ಳುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಟೀ ಕುಡಿದಾಗ 64ರಷ್ಟು. ಅದರಲ್ಲಿ ಒಂದು ಕುತೂಹಲದ ಅಂಶ ಇದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಜೊತೆಯಲ್ಲೇ ಕುಡಿದಷ್ಟೇ ತಡೆಯಿತು.

ಹಾಗಾಗಿ ಎದ್ದ ಕೂಡಲೇ ಕಾಫಿ ಕುಡಿದುಬಿಡಿ, ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ. ತಿಂಡಿ ಆದ ಮೇಲೆ ಕಾಫಿ ಬೇಡ. ಇಡ್ಲಿ ಜೊತೆ ಪುದೀನ ಚಟ್ನಿ ಮಾಡಿ ಕಬ್ಬಿಣ ತಿನ್ನುತ್ತಿದ್ದೇನೆ ಅಂದುಕೊಂಡು, ಮೇಲೆ ಒಂದು ಲೋಟ ಕಾಫಿ ಕುಡಿದರೆ ಚಟ್ನಿಯ ಶ್ರಮ ಅರ್ಧ ನೀರಿಗೆ ಹೋದ ಹಾಗೆ. ಕಬ್ಬಿಣದ ಮಾತ್ರೆಯನ್ನೂ ಕಾಫಿ, ಹಾಲಿನ ಜೊತೆ ತಗೊಳ್ಳಬಾರದು.

ಹನುಮಂತನಗರದ ಅಕ್ಕ

ಏಳು ವಾರ ಆಯಿತು, ವಿಷಯ ತಿಳಿಸೋಣ ಅಂತ ಬಂದೆ.

ಡಾಕ್ಟರ್ ಮಾತ್ರೆ ಬದಲಾಯಿಸಿದರು. ದಿನ ಬಿಟ್ಟು ದಿನ, ರಾತ್ರಿ ಹೊತ್ತು. ಈಗ ಹೊಟ್ಟೆ ತೊಳಸುವುದಿಲ್ಲ. ನಿನ್ನೆ ಪರೀಕ್ಷೆ ಮಾಡಿಸಿದೆವು. 11.3! ವರದಿ ಬಂದಾಗ ನಾನು ಆಫೀಸಿನಲ್ಲಿದ್ದೆ, ಕಣ್ಣಲ್ಲಿ ನೀರು ಬಂತು. ಇದು ಮಾತ್ರೆಯ ಕೆಲಸ, ನನಗೆ ಗೊತ್ತು. ಇನ್ನೂ ಮೂರು ತಿಂಗಳು ಮುಂದುವರಿಸಲು ಹೇಳಿದ್ದಾರೆ.

ಅಡುಗೆಮನೆಯಲ್ಲೂ ಬದಲಾವಣೆ ಆಗಿದೆ. ಬೆಳಿಗ್ಗೆ ಆರಕ್ಕೆ ಕಾಫಿ, ಏಳೂವರೆಗೆ ತಿಂಡಿ. ವಾರಕ್ಕೆ ನಾಲ್ಕು ದಿನ ಸೊಪ್ಪಿನ ಪಲ್ಯ ಅಥವಾ ಬಸ್ಸಾರು, ಮೇಲೆ ನಿಂಬೆಹಣ್ಣು. ಧಾರವಾಡದ ತಂಗಿ ಹೇಳಿದ ಮೆಂತ್ಯ ಪಚಡಿ ನಮ್ಮಮ್ಮನಿಗೂ ಹಿಡಿಸಿದೆ. ಮೊದಲ ದಿನ ಕಹಿ ಅಂದರು, ಮೂರನೇ ದಿನ ಅವರೇ ಮಾಡಿದರು. ಹೋದ ಭಾನುವಾರ ಗಾಂಧಿ ಬಜಾರಿಗೆ ತಂಗಿಯೇ ಹೋಗಿ ನಾಟಿ ಕೊತ್ತಂಬರಿ ಹುಡುಕಿ ತಂದಳು. ವಾಪಸ್ ಬಂದು ಎರಡು ಮಹಡಿ ನಿಲ್ಲದೆ ಹತ್ತಿದಳು.

ಈಗ ಒಂದೇ ತೊಂದರೆ ಉಳಿದಿದೆ. ನುಗ್ಗೆಸೊಪ್ಪು. ತಿನ್ನೋಕೆ ಎಲ್ಲರಿಗೂ ಇಷ್ಟ, ಬಿಡಿಸೋಕೆ ಒಂದು ಗಂಟೆ ಬೇಕು. ಸಂಜೆ ಕೆಲಸದಿಂದ ಬಂದು ಕೂತರೆ ಬೆರಳು ನೋಯುತ್ತದೆ. ಯಾರಾದರೂ ಸುಲಭದ ದಾರಿ ಹೇಳಿ.

ಹೊಸಕೋಟೆ ಸೊಪ್ಪು

ಅಕ್ಕ, 11.3 ಓದಿ ತುಂಬಾ ಖುಷಿಯಾಯಿತು. ಅಪ್ಪನಿಗೂ ಹೇಳಿದೆ.

ನುಗ್ಗೆಸೊಪ್ಪನ್ನು ಬಿಡಿಸಲೇಬೇಡಿ. ರಾತ್ರಿ ಕೊಂಬೆ ಸಮೇತ ಒಂದು ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಡಿ. ಬೆಳಿಗ್ಗೆ ಗಂಟು ಬಿಚ್ಚಿ ಕೊಡವಿ. ಎಲೆಯೆಲ್ಲ ತಾನಾಗೇ ಉದುರಿರುತ್ತದೆ, ಕೈಯಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಹಳದಿ ಎಲೆ ಇದ್ದರೆ ಆರಿಸಿ ತೆಗೆಯಿರಿ. ಸ್ವಲ್ಪ ವಿಟಮಿನ್ ಸಿ ಹೋಗಬಹುದು, ಅದಕ್ಕೆ ನಿಂಬೆಹಣ್ಣು ಇದೆಯಲ್ಲ.